ಕೊಟ್ಟೆ, ಕೊಳಗ ಮತ್ತು ಕಪ್ಪುಹಲಗೆ

ಹದಿನಾಲ್ಕು ವರ್ಷ ನಾನು ಶಿಲೀಂಧ್ರದ ಪಾಠವನ್ನು ಬ್ರೆಡ್ಡಿನ ಬೂಷ್ಟಿನಿಂದಲೇ ಶುರು ಮಾಡಿದೆ. ಪುಸ್ತಕದಲ್ಲಿ ಆ ಚಿತ್ರವಿತ್ತು, ಹಲಗೆಯ ಮೇಲೆ ಬಿಡಿಸಲೂ ಸುಲಭ. ನಮ್ಮದು ಸಾಗರ ತಾಲ್ಲೂಕಿನ ಒಳಗಿನ ಒಂದು ಹಳ್ಳಿ ಶಾಲೆ. ಅಲ್ಲಿ ಬ್ರೆಡ್ಡು ಎಂದರೆ ಜ್ವರ ಬಂದವರಿಗೆ ಪೇಟೆಯಿಂದ ತರುವ ಪಥ್ಯ. ಬೂಷ್ಟು ಹಿಡಿಯುವಷ್ಟು ದಿನ ಅದು ಯಾರ ಮನೆಯಲ್ಲೂ ಉಳಿಯುತ್ತಿರಲಿಲ್ಲ.

ಒಂದು ಜುಲೈ ಕೊನೆ. ಕಿಟಕಿಯಾಚೆ ಪುಷ್ಯ ಮಳೆ ಹಿಡಿದು ಕೂತಿತ್ತು. "ಶಿಲೀಂಧ್ರದಿಂದ ಬರುವ ಒಂದು ಸಸ್ಯರೋಗ ಹೇಳು" ಎಂದು ಹಿಂದಿನ ಬೆಂಚಿನ ಹುಡುಗನನ್ನು ಕೇಳಿದೆ. "ಗೋಧಿಯ ತುಕ್ಕು ರೋಗ" ಎಂದ. ಸರಿಯುತ್ತರ. ಗೋಧಿ ಹೊಲವನ್ನು ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಅವನ ಅಪ್ಪ ಕೊನೆಗೌಡ. ಊರಿನ ಅರ್ಧ ತೋಟಗಳ ಮರ ಹತ್ತಿ ಮದ್ದು ಹೊಡೆಯುವವನು, ಅಡಿಕೆ ಕೊನೆ ಇಳಿಸುವವನು. ಆ ವಾರ ತೋಟತೋಟದಲ್ಲೂ ಕೊಳೆ ರೋಗ ಹತ್ತಿದ ಎಳೆ ಅಡಿಕೆ ಬಣ್ಣಗೆಟ್ಟು ಬುಡದಲ್ಲಿ ಉದುರುತ್ತಿತ್ತು. "ಹಾಗಾದರೆ ಕೊಳೆ?" ಎಂದೆ. ಹುಡುಗ ನನ್ನನ್ನೇ ಅನುಮಾನದಿಂದ ನೋಡಿ ಹೇಳಿದ: "ಅದು ತೋಟದ್ದು ಸಾರ್, ಪಾಠದ್ದಲ್ಲ."

ಶಿಕ್ಷಣದ ನಿರ್ವಸಾಹತೀಕರಣ ಎಂದು ವಿಚಾರಸಂಕಿರಣಗಳಲ್ಲಿ ಹೇಳುವ, ಬಾಯಿಗೆ ಒಗ್ಗದ ಪದವೊಂದಿದೆಯಲ್ಲ, ಅದು ಚರ್ಚಿಸುವ ಕಾಯಿಲೆ ಆ ಹುಡುಗನ ಒಂದು ಮಾತಿನಲ್ಲಿದೆ. ವಸಾಹತು ಎಂದರೆ ಇನ್ನೊಬ್ಬರ ನೆಲಕ್ಕೆ ಬಂದು ತಳವೂರಿ ಆಳುವುದು. ಆಳಿದವರು ಹಡಗು ಹತ್ತಿ ಹೋದ ಮೇಲೂ ಅವರು ಮಾಡಿಟ್ಟ ವಿಂಗಡಣೆ ಉಳಿದುಬಿಡುತ್ತದೆ: ಇದು ಜ್ಞಾನ, ಅದು ಬರೀ ರೂಢಿ, ಇವರು ಬಲ್ಲವರು, ಅವರು ಬಲ್ಲವರ ಟಿಪ್ಪಣಿ ಪುಸ್ತಕದೊಳಗೆ ಬರುವವರು. ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ತಮ್ಮ ಶಾಲಾದಿನಗಳನ್ನು ನೆನೆಯುತ್ತಾ, ಶಾಲೆಯ ಅಂಗಳದಲ್ಲಿ ತಾಯ್ನುಡಿ ಗಿಕುಯು ಆಡಿ ಸಿಕ್ಕಿಬಿದ್ದವರಿಗೆ ಏಟು ಬೀಳುತ್ತಿತ್ತು, ಇಲ್ಲವೇ 'ನಾನು ಕತ್ತೆ' ಎಂಬಂಥ ಬರಹವಿದ್ದ ತಗಡನ್ನು ಕೊರಳಿಗೆ ಕಟ್ಟುತ್ತಿದ್ದರು ಎಂದು ಬರೆದಿದ್ದಾರೆ. ನಮ್ಮ ಹುಡುಗನ ಕೊರಳಲ್ಲಿ ತಗಡು ಇರಲಿಲ್ಲ. ಅವನು ಕನ್ನಡದಲ್ಲೇ ಕಲಿಯುತ್ತಿದ್ದ. ಆದರೂ ಅಪ್ಪನಿಗೆ ಗೊತ್ತಿರುವುದು ಪರೀಕ್ಷೆಯಲ್ಲಿ ಬರೆಯುವಂಥದ್ದಲ್ಲ ಎಂಬುದನ್ನು ಚೆನ್ನಾಗಿ ಕಲಿತಿದ್ದ. ಕಲಿಸಿದವನು ನಾನು.

ವಿಚಿತ್ರವೆಂದರೆ ಕೊಳೆ ಎಂಬ ಮಾತಿಗೆ ಲ್ಯಾಟಿನ್ನಿನಲ್ಲೇ ಜಾಗವಿದೆ. ಕಾಫಿ ಗಿಡಕ್ಕೆ ಬರುವ ಕೊಳೆಯ ಶಿಲೀಂಧ್ರಕ್ಕೆ ಸಸ್ಯವಿಜ್ಞಾನಿಗಳು ಇಟ್ಟ ಹೆಸರುಗಳಲ್ಲಿ ಒಂದು 'ಕೊಳೆರೋಗ ನಾಕ್ಸಿಯಾ'. ಲಂಡನ್ನಿನಿಂದ ಬ್ರೆಜಿಲ್‌ವರೆಗೆ ಪ್ರಯೋಗಾಲಯಗಳಲ್ಲಿ ಉಚ್ಚರಿಸುವ ಕನ್ನಡ ಪದ ನಮ್ಮ ಏಳನೇ ತರಗತಿಯ ನೋಟ್‌ಬುಕ್ಕಿನೊಳಗೆ ಬಂದಿರಲಿಲ್ಲ.

ಇದಕ್ಕೆಲ್ಲ ಇಂಗ್ಲಿಷ್ ಶಿಕ್ಷಣಕ್ಕೆ ವಾದಿಸಿದ ಬ್ರಿಟಿಷ್ ಅಧಿಕಾರಿ ಮೆಕಾಲೆಯೇ ಕಾರಣ ಎನ್ನುವುದು ನಮ್ಮಲ್ಲಿ ವಾಡಿಕೆ. 1835ರ ಫೆಬ್ರವರಿ 2ರ ಅವನ ಟಿಪ್ಪಣಿ ಸೊಕ್ಕಿನದೇ, ಅನುಮಾನವಿಲ್ಲ. ಯುರೋಪಿನ ಒಳ್ಳೆಯ ಗ್ರಂಥಾಲಯವೊಂದರ ಒಂದೇ ಕಪಾಟು ಭಾರತ ಮತ್ತು ಅರಬ್ಬರ ಇಡೀ ಸಾಹಿತ್ಯಕ್ಕೆ ಸಮ ಎಂದು ಬರೆದವನಿಗೆ ಆ ಸಾಹಿತ್ಯದ ಒಂದು ಭಾಷೆಯೂ ಬರುತ್ತಿರಲಿಲ್ಲ; ಹಾಗೆಂದು ಅವನೇ ಒಪ್ಪಿಕೊಂಡಿದ್ದಾನೆ. ಆದರೆ ಅವನಿಗಿಂತ ಮುಂಚೆ ಎಲ್ಲವೂ ಚೆನ್ನಾಗಿತ್ತು ಎಂದು ಹೇಳುವವರು ಬಳ್ಳಾರಿಯ ಲೆಕ್ಕವನ್ನೊಮ್ಮೆ ನೋಡಬೇಕು.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳಲ್ಲಿ ಇರುವ ದೇಸಿ ಶಾಲೆಗಳನ್ನು ಎಣಿಸಲು ಹೇಳಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ ಕಳಿಸಿದ ವರದಿಯಲ್ಲಿ 533 ಶಾಲೆಗಳಿವೆ. ಅದರಲ್ಲಿ ಕನ್ನಡದವು 235, ತೆಲುಗಿನವು 226. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುವ, ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವ ಐಗಳ ಮಠಗಳು ಅವು. ಇಷ್ಟೊಂದು ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದ ಬೆಂಬಲವಿಲ್ಲ ಎಂದು ಬರೆಯಲು ತನಗೆ ನಾಚಿಕೆಯಾಗುತ್ತದೆ ಎಂದು ಈಸ್ಟ್ ಇಂಡಿಯಾ ಕಂಪನಿಯ ಆ ಅಧಿಕಾರಿಯೇ ಬರೆದ. ಜನರ ಬಡತನದಿಂದ ಮಠಗಳು ಮುಚ್ಚುತ್ತಿವೆ ಎಂದೂ ಸೇರಿಸಿದ. ಹಾಗಾದರೆ ಕಂಪನಿ ಬಂದು ಹಾಳುಮಾಡಿದ್ದು ನಿಜ. ಅದೇ ವರದಿಯ ಇನ್ನೊಂದು ಸಾಲು: ಒಟ್ಟು 6641 ವಿದ್ಯಾರ್ಥಿಗಳಲ್ಲಿ ಹುಡುಗಿಯರು 60. ಮಕ್ಕಳು ಕಂಠಪಾಠ ಮಾಡುವ ಪದ್ಯಗಳ ಭಾಷೆ ಆಡುಮಾತಿಗಿಂತ ಎಷ್ಟು ದೂರವೆಂದರೆ ಅರ್ಥ ಅವರಿಗೆ ತಿಳಿಯುವುದಿಲ್ಲ ಎಂಬ ದೂರೂ ಅಲ್ಲಿದೆ. 'ಅದು ಪಾಠದ್ದು, ತೋಟದ್ದಲ್ಲ' ಎಂದು ಬಳ್ಳಾರಿಯ ಯಾವುದಾದರೂ ಹುಡುಗ ಆಗಲೂ ಹೇಳಿರಬಹುದು. ನಮ್ಮ ಮಲೆನಾಡು ಆಗ ಮೈಸೂರು ಅರಸರ ಕೈಯಲ್ಲಿತ್ತು. ಮನ್ರೋನ ಎಣಿಕೆ ಇಲ್ಲಿಗೆ ಬರಲೇ ಇಲ್ಲ.

ಬಂದದ್ದು ಬೇರೆ ಬಗೆಯ ಎಣಿಕೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯನಿದ್ದ. ದಿನಕ್ಕೊಂದು ಗಿಡ ಎಂಬ ವ್ರತ ಹಿಡಿದವನಂತೆ ಇಲ್ಲಿನ ಗಿಡಮರಗಳನ್ನು ತರಿಸಿ, ಸ್ಥಳೀಯ ಚಿತ್ರಕಾರನೊಬ್ಬನಿಂದ ಬರೆಸಿದ. ಆ ಚಿತ್ರಗಳು ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಕ್ಲೆಗಾರ್ನ್ ಸಂಗ್ರಹ ಎಂಬ ಹೆಸರಿನಲ್ಲಿವೆ. ಎಲೆಯ ನರ, ಕಾಯಿಯ ಸೀಳು, ಬೀಜದ ಬಣ್ಣ ಗುರುತಿಸಿ ಕುಂಚ ಹಿಡಿದ ಕೈ ಇಲ್ಲಿನದು; ಗಿಡ ಎಲ್ಲಿ ಸಿಗುತ್ತದೆ, ಯಾವುದಕ್ಕೆ ಬರುತ್ತದೆ ಎಂದು ಹೇಳುವ ಬಾಯಿಯೂ ಇಲ್ಲಿನದೇ ಆಗಿರಬೇಕು; ಹೆಸರು ಮಾತ್ರ ತರಿಸಿಕೊಂಡವನದು. ಕ್ಲೆಗಾರ್ನ್ ಕೆಟ್ಟವನೇನಲ್ಲ. ಕಾಡು ಕಡಿದರೆ ಮಳೆ, ನೀರು, ಮಣ್ಣು ಏನಾಗುತ್ತದೆ ಎಂದು ಆ ಕಾಲದಲ್ಲೇ ಚಿಂತಿಸಿದವನು, 1856ರಲ್ಲಿ ಮದ್ರಾಸಿನ ಅರಣ್ಯ ಸಂರಕ್ಷಕನಾದವನು. ಆದರೆ ಗುಡ್ಡದ ಜನ ತಲೆಮಾರುಗಳಿಂದ ಮಾಡುತ್ತಿದ್ದ, ಕಾಡಿನ ತುಂಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಕಾಡಿನ ಶತ್ರು ಎಂದು ಸಾರಿದವರಲ್ಲೂ ಅವನು ಮುಂಚೂಣಿಯಲ್ಲಿದ್ದ. ಗಿಡದ ಬಗ್ಗೆ ಅವರಿಂದ ಕೇಳಿ ತಿಳಿಯಬಹುದು, ಗಿಡವನ್ನು ಏನು ಮಾಡಬೇಕೆಂದು ಅವರನ್ನು ಕೇಳಬೇಕಾಗಿಲ್ಲ: ಧೋರಣೆ ಇದು.

ಹೀಗೇ ಆಗಬೇಕೆಂದು ಇರಲಿಲ್ಲ. ಕ್ಲೆಗಾರ್ನ್‌ಗೆ ಒಂದೂವರೆ ಶತಮಾನಕ್ಕೂ ಮೊದಲು ಮಲಬಾರಿನಲ್ಲಿ ಡಚ್ಚರು 'ಹೊರ್ತುಸ್ ಮಲಬಾರಿಕುಸ್' ಎಂಬ ಹನ್ನೆರಡು ಸಂಪುಟಗಳ ಸಸ್ಯಗ್ರಂಥ ತಂದರು. 1678ರ ಮೊದಲ ಸಂಪುಟದಲ್ಲೇ ಈಳವ ವೈದ್ಯ ಇಟ್ಟಿ ಅಚ್ಯುದನ್ ಅವರ ಹೆಸರು, ಅವರದೇ ಲಿಪಿಯ ಹೇಳಿಕೆ ಅಚ್ಚಾಗಿವೆ. ಡಚ್ಚರೂ ವ್ಯಾಪಾರಕ್ಕೆ ಬಂದವರೇ. ಹೆಸರು ಹಾಕುವುದಕ್ಕೆ ದೊಡ್ಡ ಸಿದ್ಧಾಂತವೇನೂ ಬೇಕಾಗಿರಲಿಲ್ಲ.

ಕುಮರಿಗಿಂತ ನನ್ನನ್ನು ಹೆಚ್ಚು ಕಾಡುವುದು ಕಾನಿನ ಕಥೆ. ಸೊರಬ, ಸಾಗರದ ಕಡೆಯವರಿಗೆ ಕಾನು ಎಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗೆ ಹೇಳುವುದು ಕಷ್ಟ. ಅದು ದಟ್ಟವಾದ ನಿತ್ಯಹರಿದ್ವರ್ಣ ಮರಗಳ ತುಂಡು, ಆದರೆ ಯಾರೂ ಕಾಲಿಡದ ಕಾಡಲ್ಲ. ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ, ಬಗನಿ ಮರದಿಂದ ಕಳ್ಳು ಇಳಿಸುತ್ತಾರೆ, ಉಪ್ಪಿನಕಾಯಿಗೆ ಅಪ್ಪೆಮಿಡಿ ತರುತ್ತಾರೆ. ಕಾನಿನ ಬುಡದಲ್ಲಿ ಒರತೆ, ಒರತೆಯ ಕೆಳಗೆ ಗದ್ದೆ. ಒಳಗೆಲ್ಲೋ ದೇವರ ಕಲ್ಲು. ಕೊಡಲಿಗೆ ಒಂದು ಮಿತಿ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದರು. ಸರ್ಕಾರದ ಕಡತದಲ್ಲಿ ಇದ್ದದ್ದು ಎರಡೇ ಕಪಾಟು: ಒಂದು ಅರಣ್ಯ, ಇನ್ನೊಂದು ಕಂದಾಯ. ಕಾನು ಎರಡೂ ಹೌದು. ಎರಡೂ ಆಗಿರುವುದು ಕಡತದಲ್ಲಿ ನಿಲ್ಲುವುದಿಲ್ಲ; ಒಂದು ಕಡೆ ಸೌದೆ, ನಾಟಾ ಆಗಿ ಕರಗಿತು, ಇನ್ನೊಂದು ಕಡೆ ಸಾಗುವಳಿಯಾಗಿ ಕರಗಿತು. ಇಂದಿಗೂ ನಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲಿ ನಿತ್ಯಹರಿದ್ವರ್ಣ, ಎಲೆ ಉದುರುವ, ಕುರುಚಲು ಎಂಬ ಕಾಡಿನ ವಿಧಗಳಿವೆ. ಕಾನಿಲ್ಲ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟವಿಲ್ಲ, ಊರ ಪಕ್ಕದ ಹಾಡಿಯೂ ಇಲ್ಲ. ಮರದ ಜಾತಿ ನೋಡಿ ಮಾಡಿದ ವಿಂಗಡಣೆ ಅದು. ಕಾನು, ಬೆಟ್ಟ, ಹಾಡಿ ಎಂಬುವು ಮರಕ್ಕೂ ಮನುಷ್ಯನಿಗೂ ಇರುವ ಸಂಬಂಧ ನೋಡಿ ಮಾಡಿದ ವಿಂಗಡಣೆ. ಎರಡನೆಯದನ್ನು ಕಲಿಸಿದರೆ ಮೊದಲನೆಯದಕ್ಕೇನೂ ನಷ್ಟವಿಲ್ಲ.

ಇಲ್ಲಿಯವರೆಗೆ ಓದಿದವರು, ಈ ಮೇಷ್ಟ್ರು ಹಳೆಯದಕ್ಕೆಲ್ಲ ಕೈಮುಗಿಯಲು ಹೇಳುತ್ತಿದ್ದಾರೆ ಎಂದುಕೊಂಡಿರಬಹುದು. ಅದಕ್ಕೇ ಮಳೆ ನಕ್ಷತ್ರಗಳಿಗೆ ಬರುತ್ತೇನೆ.

ನಮ್ಮ ಅಜ್ಜಿಯಂದಿರಿಗೆ ಮಳೆಗಾಲ ಎಂದರೆ ಜೂನ್, ಜುಲೈ ಅಲ್ಲ. ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ. ಆಕಾಶದಲ್ಲಿ ಸೂರ್ಯನ ದಾರಿಯನ್ನು 27 ಭಾಗ ಮಾಡಿ, ಒಂದೊಂದು ಭಾಗ ದಾಟಲು ಅವನಿಗೆ ಬೇಕಾದ ಹದಿಮೂರು ಹದಿನಾಲ್ಕು ದಿನಗಳನ್ನು ಒಂದು ಮಳೆ ಎಂದು ಕರೆದರು. ತಿಂಗಳಿಗಿಂತ ಸಣ್ಣ, ವಾರಕ್ಕಿಂತ ದೊಡ್ಡ ಅಳತೆ. ಸಸಿ ಮಡಿ, ನಾಟಿ, ಕಳೆಗಳ ಲೆಕ್ಕಕ್ಕೆ ಹೇಳಿಮಾಡಿಸಿದ್ದು. 'ಆರಿದ್ರೆ ಹೊಯ್ದರೆ ದಾರಿದ್ರ್ಯವಿಲ್ಲ' ಎಂಬಂಥ ಗಾದೆಗಳೂ ಜೊತೆಗಿವೆ. ಇದನ್ನು ತರಗತಿಗೆ ಹೇಗೆ ತರುವುದು? 'ನಮ್ಮ ಪೂರ್ವಜರ ಅದ್ಭುತ ವಿಜ್ಞಾನ' ಎಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಬಹುದು. ಆ ಚಾರ್ಟನ್ನು ಮರುದಿನದಿಂದ ಯಾರೂ ನೋಡುವುದಿಲ್ಲ.

ನಾನು ಮಾಡಿದ್ದು ಇಷ್ಟು. ಮಲೆನಾಡಿನ ತೋಟದ ಮನೆಗಳಲ್ಲಿ ಅಂಗಳದ ಮೂಲೆಗೆ ಮಳೆ ಅಳೆಯುವ ಡಬ್ಬಿ ಇರುವುದು ಅಪರೂಪವಲ್ಲ. ಬೆಳಿಗ್ಗೆ ಕಾಫಿಗೆ ಮೊದಲು 'ಎಷ್ಟು ಇಂಚು?' ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳುವ ಜನ ನಾವು. (ಇಂಚು ಬ್ರಿಟಿಷರದ್ದು. ಈಗ ಅದಕ್ಕಿಂತ ಮಲೆನಾಡಿನದಾದ ಅಳತೆ ಇನ್ನೊಂದಿಲ್ಲ.) ಮಕ್ಕಳು ಅಂಥ ಮನೆಗಳ ಡೈರಿಗಳಿಂದ ಹಳೆಯ ಮಳೆಯನ್ನು ನಕ್ಷತ್ರವಾರು ಕೂಡಿಸಿದರು. ಆಗ ಪ್ರಶ್ನೆಗಳು ತಾವಾಗಿಯೇ ಬಂದವು. ಗಾದೆ ಎಷ್ಟು ವರ್ಷ ನಿಜವಾಯಿತು? ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಎನ್ನುತ್ತಾರಲ್ಲ, ನಮ್ಮಲ್ಲಿ ಜೋಳವೇ ಬೆಳೆಯುವುದಿಲ್ಲವಲ್ಲ ಸಾರ್? ಆ ಗಾದೆ ಬಯಲುಸೀಮೆಯದು. ಗಾದೆ ಪುಸ್ತಕ ಅದನ್ನು ಮಲೆನಾಡಿಗೂ ಹಂಚಿಬಿಟ್ಟಿದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಸಾವಿರದ ಆಸುಪಾಸು. ಒಂದೇ ಗಾದೆ ಎರಡೂ ಊರಿಗೆ ಹೇಗೆ ಹೊಂದೀತು? ಸ್ಥಳೀಯ ತಿಳಿವಳಿಕೆಗೆ ವಿಳಾಸವಿರುತ್ತದೆ. ವಿಳಾಸ ಅಳಿಸಿ 'ಭಾರತೀಯ ಜ್ಞಾನ' ಎಂಬ ಒಂದೇ ಚೀಲಕ್ಕೆ ತುಂಬಿದರೆ ಅದೂ ಬ್ರೆಡ್ಡಿನ ಬೂಷ್ಟಿನಂತೆಯೇ ಮಕ್ಕಳಿಗೆ ದೂರವಾಗುತ್ತದೆ.

ಇನ್ನೊಂದು ಸೋಜಿಗ ಒಂಬತ್ತನೆಯವರ ಲೆಕ್ಕದಲ್ಲಿ ಸಿಕ್ಕಿತು. ನಕ್ಷತ್ರ ನೋಡಿ ಎಣಿಸುವ ವರ್ಷ, ಋತು ನೋಡಿ ಎಣಿಸುವ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಭೂಮಿಯ ಅಕ್ಷ ಸೋಲುವ ಬುಗುರಿಯಂತೆ ನಿಧಾನವಾಗಿ ಓಲುವುದು ಕಾರಣ. 20 ನಿಮಿಷ ಸೇರಿ ಸೇರಿ 71 ವರ್ಷಕ್ಕೆ ಒಂದು ದಿನವಾಗುತ್ತದೆ, ಸಾವಿರ ವರ್ಷಕ್ಕೆ ಹದಿನಾಲ್ಕು ದಿನ. ಅಂದರೆ ಹೆಚ್ಚುಕಡಿಮೆ ಒಂದು ಮಳೆ. ಈಗ ಆರಿದ್ರೆ ಜೂನ್ 22ರ ಹೊತ್ತಿಗೆ ಹುಟ್ಟುತ್ತದೆ. ಗಾದೆ ಸಾವಿರ ವರ್ಷ ಹಳೆಯದಾಗಿದ್ದರೆ, ಅದನ್ನು ಕಟ್ಟಿದವರ ಆರಿದ್ರೆ ನಮ್ಮ ಈಗಿನ ಮೃಗಶಿರದ ದಿನಗಳಲ್ಲಿ, ಮುಂಗಾರು ಘಟ್ಟ ಹತ್ತುವ ಹೊತ್ತಿಗೆ ಸುರಿಯುತ್ತಿತ್ತು. ಅಕ್ಷದ ಈ ಓಲಾಟ ಪಠ್ಯದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಅಜ್ಜಿಯ ಗಾದೆಯ ಮೂಲಕ ಬಂದಾಗ ಅದು ಎರಡು ತರಗತಿ ತೆಗೆದುಕೊಂಡಿತು, ಯಾರೂ ಆಕಳಿಸಲಿಲ್ಲ. ನಮ್ಮ ಕೃತ್ತಿಕೆಯ ತಾರಾಗುಂಪನ್ನೇ ನ್ಯೂಜಿಲೆಂಡಿನ ಮಾವೊರಿಗಳು ಮಾತಾರಿಕಿ ಎನ್ನುತ್ತಾರೆ. ಮುಂಜಾವಿನಲ್ಲಿ ಅದು ಮೂಡುವುದೇ ಅವರಿಗೆ ಹೊಸವರ್ಷ. 2022ರಿಂದ ಅದಕ್ಕೆ ಇಡೀ ದೇಶವೇ ರಜೆ ಕೊಡುತ್ತದೆ.

ಇನ್ನು ಕೊಳಗ. ದೇಸಿ ಎಂದ ಕೂಡಲೇ ಕಣ್ಣು ಮಂಜಾಗುವವರಿಗೆ ನಾನು ಕಾಗೋಡಿನ ಕಥೆ ಹೇಳುತ್ತೇನೆ. ಕಾಗೋಡು ಸಾಗರದ ಪಕ್ಕದ ಊರು. ಗೇಣಿ ಭತ್ತ ಅಳೆಯುವ ಕೊಳಗ ಅಲ್ಲಿನ ಒಡೆಯರ ಮನೆಯಲ್ಲಿ ಇರಬೇಕಾದ್ದಕ್ಕಿಂತ ದೊಡ್ಡದಿತ್ತು. ಕಣದಲ್ಲಿ ಭತ್ತ ಸುರಿಯುವಾಗ ಒಕ್ಕಲಿನವನ ಕಣ್ಣೆದುರೇ ಪ್ರತಿ ಕೊಳಗಕ್ಕೂ ಸ್ವಲ್ಪ ಸ್ವಲ್ಪ ಹೆಚ್ಚು ಹೋಗುತ್ತಿತ್ತು. 1951ರಲ್ಲಿ ದೀವರ ಸಮುದಾಯದ ಗೇಣಿದಾರರು ಸರಿಯಾದ ಅಳತೆ ಕೇಳಿ ಎದ್ದು ನಿಂತರು. ಸತ್ಯಾಗ್ರಹಕ್ಕೆ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಕರ್ನಾಟಕದಲ್ಲಿ ಕಾವು ಬಂದದ್ದು ಅಲ್ಲಿಂದ. ಆ ಕೊಳಗ ಅಪ್ಪಟ ದೇಸಿ. ಯಾವ ಬ್ರಿಟಿಷನೂ ತಂದದ್ದಲ್ಲ. ಬಡವನ ಕೈಗೆ ಬಲ ಕೊಟ್ಟದ್ದು ಎಲ್ಲರಿಗೂ ಒಂದೇ ಆಗಿರುವ, ಸರ್ಕಾರದ ಮುದ್ರೆ ಇರುವ ಅಳತೆ. ಗಣಿತದ ಪುಸ್ತಕದಲ್ಲಿ ಸೇರು, ಕೊಳಗ, ಖಂಡುಗಗಳನ್ನು 'ನಮ್ಮ ಹಳೆಯ ಅಳತೆಗಳು' ಎಂದು ಪಟ್ಟಿ ಮಾಡಿ ಬಿಡುವ ಬದಲು ಈ ಪ್ರಶ್ನೆ ಕೇಳಬೇಕು: ಕೊಳಗ ಯಾರ ಮನೆಯಲ್ಲಿರುತ್ತಿತ್ತು?

ಇದೇ ಪ್ರಶ್ನೆ ಕಲೆಗೂ ಸಲ್ಲುತ್ತದೆ. ದೀವರ ಮನೆಗಳ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಹಚ್ಚಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಹಸೆ ಚಿತ್ತಾರದಷ್ಟು ಖಚಿತವಾದ ರೇಖಾಗಣಿತವನ್ನು ನಾನು ಹಲಗೆಯ ಮೇಲೆ ಸ್ಕೇಲ್ ಹಿಡಿದೂ ಬಿಡಿಸಲಾರೆ. ಇಂದು ಅದು ಚೀಲಗಳ ಮೇಲೆ, ಹೋಟೆಲ್ ಗೋಡೆಗಳ ಮೇಲೆ ಬಂದಿದೆ, ಬರಲಿ. ಅದನ್ನು ಬಲ್ಲ ಅಜ್ಜಿಯನ್ನು ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಕಳಿಸುತ್ತೇವೆ. ಗಣಿತದ ಪಿರಿಯಡ್ಡಿಗೆ ಮೇಷ್ಟ್ರಾಗಿ ಕರೆಯುವುದಿಲ್ಲ, ಬಂದ ದಿನಕ್ಕೆ ಕೂಲಿಯನ್ನಂತೂ ಕೊಡುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಊರಿನ ಕುಶಲಕರ್ಮಿಗಳ ಬಳಿ ಕಲಿಯಬೇಕು ಎನ್ನುತ್ತದೆ. ನೀತಿಯ ಉಳಿದ ಜಗಳಗಳೇನೇ ಇರಲಿ, ಈ ಹತ್ತು ದಿನ ನನಗೆ ಹಿಡಿಸಿತು. ಉಳಿದ ಇನ್ನೂರು ಚಿಲ್ಲರೆ ದಿನಗಳಲ್ಲಿ ಆ ಬಡಗಿ, ಆ ಅಜ್ಜಿ ಮತ್ತೆ 'ತೋಟದ್ದು' ಆಗಿಬಿಡುತ್ತಾರಲ್ಲ ಎಂಬುದೇ ತಕರಾರು.

ಔಷಧಿಯ ವಿಷಯದಲ್ಲಿ ನಾನು ಇನ್ನೂ ಎಚ್ಚರದವನು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನ ಜ್ವರದಿಂದ ಬಿದ್ದರು. ಮಂಗ ಸತ್ತದ್ದಕ್ಕೂ ಮನೆಯ ಜ್ವರಕ್ಕೂ ನಂಟು ಕಟ್ಟಿ ಮಂಗನ ಕಾಯಿಲೆ ಎಂದು ಕರೆದದ್ದು ಊರವರು. ವೈರಸ್ಸನ್ನು ಹಿಡಿದದ್ದು ಪುಣೆಯ ಪ್ರಯೋಗಾಲಯ, ಅದನ್ನು ಹರಡುವುದು ಉಣುಗು ಎಂದು ತೋರಿಸಿದ್ದೂ ವಿಜ್ಞಾನಿಗಳೇ. ಯಾವ ಕಷಾಯಕ್ಕೂ ಅದು ಜಗ್ಗಲಿಲ್ಲ. ಇಂದಿಗೂ ಬೇಸಿಗೆಯಲ್ಲಿ ಸತ್ತ ಮಂಗವನ್ನು ಮೊದಲು ಕಾಣುವುದು ಸೊಪ್ಪಿಗೆ, ದರಗಿಗೆ ಹೋದವರು. ಅವರು ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸದಿದ್ದರೆ ಪ್ರಯೋಗಾಲಯಕ್ಕೆ ಕೆಲಸವಿಲ್ಲ. ಇನ್ನು ಗೊತ್ತಿರುವುದನ್ನು ಹೇಳಿಬಿಟ್ಟರೆ ಏನಾದೀತು ಎಂಬ ನಾಟಿ ವೈದ್ಯರ ಅಳುಕೂ ಸುಳ್ಳಲ್ಲ. ಅರಿಸಿನ ಗಾಯ ಮಾಯಿಸುತ್ತದೆ ಎಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಬೇಕಾಯಿತು. ಅದಕ್ಕೇ ಮಕ್ಕಳನ್ನು ಗಿಡದ ಮಾಹಿತಿ ತರಲು ಕಳಿಸುವಾಗ ನನ್ನದು ಒಂದು ಕಟ್ಟಳೆ: ಹೇಳಿದವರ ಹೆಸರು ಬರೆಯಬೇಕು, 'ಇದನ್ನು ಬರೆಯಬೇಡ' ಎಂದರೆ ಪೆನ್ನು ಮುಚ್ಚಬೇಕು.

ಮತ್ತೆ ಕೊಳೆಯ ಪಾಠ. ಆ ಹುಡುಗನ ಮಾತು ಚುಚ್ಚಿದ ಮುಂದಿನ ವರ್ಷ ನಾನು ಬ್ರೆಡ್ಡು ಬಿಟ್ಟು ತೋಟಕ್ಕೆ ಹೋದೆ. ಮಲೆನಾಡಿನವರು ಕೊಳೆಗೆ ಹಿಂದಿನಿಂದಲೂ ಮಾಡುತ್ತಿದ್ದ ಉಪಾಯ ಕೊಟ್ಟೆ ಕಟ್ಟುವುದು: ಒಣ ಕರಡದ ಹುಲ್ಲಿನಿಂದ ಹೆಣೆದ ಗೊಂಚಲಿನ ಛತ್ರಿ. ಕಾಯಿಗೆ ನೀರು ತಾಗದಿದ್ದರೆ ರೋಗ ಹತ್ತದು ಎಂಬ ತಿಳಿವಳಿಕೆ ಅದರೊಳಗಿದೆ. ರೋಗಕ್ಕೆ ಕಾರಣವಾದ ಜೀವಿ ನೀರಿನಲ್ಲಿ ಈಜುವ ಬೀಜಕಣಗಳಿಂದ ಹರಡುವುದರಿಂದ ಆ ತಿಳಿವಳಿಕೆ ಸರಿಯೂ ಹೌದು. ಅದು ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ದೂರದ ನೆಂಟ ಎಂದು ಈಗ ಗೊತ್ತಾಗಿದೆ. ಆ ದಿನ 'ಹಾಗಾದರೆ ಕೊಳೆ?' ಎಂದು ನಾನು ಕೇಳಿದ ಪ್ರಶ್ನೆಯೇ ಅರ್ಧ ತಪ್ಪು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ತೋಟಗಳಲ್ಲೇ ಕೊಳೆಯನ್ನು ಅಭ್ಯಾಸ ಮಾಡಿ, ಫ್ರಾನ್ಸಿನ ದ್ರಾಕ್ಷಿತೋಟದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಒಗ್ಗಿಸಿಕೊಟ್ಟ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕಲಸಿದ್ದು ಹದವಾಗಿದೆಯೇ ಎಂದು ನೋಡಲು ಕಬ್ಬಿಣದ ಕತ್ತಿಯನ್ನು ಅದ್ದುತ್ತಾರೆ. ಅಲಗು ತಾಮ್ರದ ಬಣ್ಣಕ್ಕೆ ತಿರುಗಿದರೆ ಸುಣ್ಣ ಸಾಲದು. ಆ ಹುಡುಗ ನನಗಿಂತ ಮೊದಲು ಕತ್ತಿ ಅದ್ದಿ, ಎತ್ತಿ ತೋರಿಸಿದ. ಕಬ್ಬಿಣ ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ ಎಂಬ ಎಂಟನೆಯವರ ರಸಾಯನಶಾಸ್ತ್ರ ಅವನ ಅಪ್ಪನ ಸೊಂಟದಲ್ಲಿತ್ತು.

ಒಂಬತ್ತು ಮರ ಆರಿಸಿದೆವು. ಮೂರಕ್ಕೆ ಕೊಟ್ಟೆ, ಮೂರಕ್ಕೆ ಬೋರ್ಡೋ, ಮೂರಕ್ಕೆ ಏನೂ ಇಲ್ಲ. ವಾರಕ್ಕೊಮ್ಮೆ ಬುಡದಲ್ಲಿ ಉದುರಿದ ಕಾಯಿ ಎಣಿಸಿ ಬರೆದೆವು. ಆಶ್ಲೇಷ ಮುಗಿಯುವ ಹೊತ್ತಿಗೆ ಮಕ್ಕಳು ಹಾಳೆಯ ಮೇಲೆ ಅಂದದ ಕಂಬದ ನಕ್ಷೆ ಬರೆದು, ಕೊಟ್ಟೆಯೇ ಗೆದ್ದಿತು ಎಂದು ತೀರ್ಮಾನ ಕೊಟ್ಟರು. ನನಗೂ ಒಳಗೊಳಗೇ ಖುಷಿ. ನಕ್ಷೆಯನ್ನು ಕೊನೆಗೌಡನಿಗೆ ತೋರಿಸಿದೆವು. ಅವನು ಬಹಳ ಹೊತ್ತು ನೋಡಿದ, ಆಮೇಲೆ ತೋಟದ ಕಡೆ ಕೈ ತೋರಿಸಿದ.

"ಕೊಟ್ಟೆ ಕಟ್ಟಿದ ಮೂರೂ ಮರ ಧರೆ ದಿಬ್ಬದ ಮರೆಯಲ್ಲಿವೆ ಮೇಷ್ಟ್ರೇ. ಅಲ್ಲಿಗೆ ಇರಿಚಲು ಹೊಡೆಯುವುದೇ ಇಲ್ಲ. ಏನೂ ಕಟ್ಟದ ಮರಗಳೆಲ್ಲ ಗಾಳಿಬಾಯಿಯಲ್ಲಿವೆ. ಇದರಲ್ಲಿ ಏನು ಗೊತ್ತಾಗುತ್ತದೆ?"

ನಕ್ಷೆಯ ಕೆಳಗೆ ಮಗ ಅಪ್ಪನ ಹೆಸರು ಬರೆದು, ಆಕ್ಷೇಪ ಎಂದು ತಲೆಬರಹ ಕೊಟ್ಟು, ಅದನ್ನು ಹಾಗೆಯೇ ಸೇರಿಸಿದ. ಮರುವರ್ಷ ಮರ ಆರಿಸುವ ದಿನ ಕೊನೆಗೌಡನೇ ಬಂದಿದ್ದ. ಗಾಳಿಬಾಯಿಯಲ್ಲಿ ಮೂರು, ಮರೆಯಲ್ಲಿ ಮೂರು, ನಡುವೆ ಮೂರು.